ಪುಟ್ಟಲಕ್ಷ್ಮಿಯ ಇಪ್ಪತ್ತೈದು ಗಂಟೆ

ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರ ಲಾಂಡ್ರಿಗೆ ಪುಟ್ಟಲಕ್ಷ್ಮಿ ಸೇರಿ ಆರು ವರ್ಷ. ಈ ಸಲ ಅವಳನ್ನು ಕಾಯಂ ಮಾಡುವ ಮಾತಿತ್ತು. ವರ್ಷಕ್ಕೆ ಎರಡು ಸಾವಿರದ ಇನ್ನೂರು ಗಂಟೆ ದುಡಿದಿರಬೇಕು. ಕಾಯಂ ಆದರೆ ಮಂಡಿನೋವಿಗೆ ಆಸ್ಪತ್ರೆ ಕಾರ್ಡು ಸಿಗುತ್ತದೆ, ಸಂಬಳದ ರಜೆ ಸಿಗುತ್ತದೆ.

ಲೆಕ್ಕ ಹಾಕುವವಳು ಆಫೀಸಿನ ಸುಕನ್ಯ. ಹೆಬ್ಬೆರಳೊತ್ತುವ ಮಿಷನ್ನಿನ ವೇಳೆಗಳೆಲ್ಲ ಅವಳ ಕಂಪ್ಯೂಟರಿನ ಡೇಟಾಬೇಸಿಗೆ ಬಂದು ಬೀಳುತ್ತವೆ. ಹೋದ ವೇಳೆಯಿಂದ ಬಂದ ವೇಳೆ ಕಳೆ, ಹೆಸರುವಾರು ಕೂಡು ಎಂದು ನಾಲ್ಕು ಸಾಲಿನ ಕ್ವೆರಿ ಬರೆದಳು. ವರ್ಷದಲ್ಲಿ ಉಳಿದ ಇಪ್ಪತ್ತು ದಿನದ ಕೆಲಸ ಸೇರಿಸಿದರೂ ಪುಟ್ಟಲಕ್ಷ್ಮಿಗೆ ಇಪ್ಪತ್ತೈದು ಗಂಟೆ ಕಮ್ಮಿ ಬಂತು. ಕ್ವೆರಿ ತಪ್ಪಿರಬೇಕೆಂದು ದಿನದಿನದ ಸಾಲು ತೆಗೆದು ನೋಡಿದಳು. ಬಂದದ್ದು ಒಂಬತ್ತಕ್ಕೆ, ಹೋದದ್ದು ನಾಲ್ಕೂವರೆಗೆ. ವರ್ಷಪೂರ್ತಿ ಹಾಗೇ.

"ಪುಟ್ಲಕ್ಷ್ಮಕ್ಕ, ನಾಲ್ಕೂವರೆಗೇ ಯಾಕ್ ಒತ್ತೀರಿ? ನಿಮ್ ಬಸ್ಸು ಆರಕ್ಕಲ್ವಾ?"

"ಐದೂಮುಕ್ಕಾಲ್ಗೆ ಎಲ್ರೂ ಬತ್ತಾರೆ ಕಣವ್ವ. ಸೋಪಿನ್ ನೀರಲ್ಲಿ ನೆಂದಿರೋ ಬೆಳ್ಳು, ನಾಕ್ ಸಲ ಒತ್ಬೇಕು. ಹಿಂದ್ಲೋರು, ಏನಕ್ಕ ಗೋಡೆಗೆ ಬೆರಣಿ ತಟ್ತಿದ್ದೀಯಾ ಅಂತಾರೆ. ಅಷ್ಟೊತ್ಗೆ ಬಸ್ ಹೊಂಟೋಯ್ತದೆ. ಅದ್ಕೆ ಯಾರೂ ಇಲ್ದಾಗ ಒತ್ಬುಟ್ಟು ಬಂದು ಬೆಡ್‌ಶೀಟ್ ಮಡಿಸ್ತೀನಿ."

"ಮಡಿಸೋದು ಕೆಲ್ಸ ಅಲ್ವಾ?"

"ಕೂತ್ಕಂಡ್ ಮಡ್ಸೋದ್ ಯಾವ್ ಕೆಲ್ಸ, ಬುಡು."

ಮಡಿಸಿದ ಶೀಟು ಸ್ಟೋರಿಗೆ ಒಪ್ಪಿಸುವಾಗ ಪುಸ್ತಕದಲ್ಲಿ ವೇಳೆ ಬರೆದು ಸಹಿ ಹಾಕುವ ಪದ್ಧತಿಯಿತ್ತು. ಸುಕನ್ಯ ಮೂರು ದಿನ ಊಟದ ಹೊತ್ತಿನಲ್ಲಿ ಕೂತು ಆ ವೇಳೆಗಳನ್ನೆಲ್ಲ ಟೈಪು ಮಾಡಿ ಕ್ವೆರಿಗೆ ಸೇರಿಸಿದಳು. ಈಗ ಮುನ್ನೂರು ಗಂಟೆ ಹೆಚ್ಚಾಗಿಯೇ ಬಂತು.

ಮ್ಯಾನೇಜರ್ ಷಣ್ಮುಖಪ್ಪ ಪಟ್ಟಿಯನ್ನು ವಾಪಸು ತಳ್ಳಿದರು. "ಬೆರಳೊತ್ತಿದ ಮೇಲೆ ಮಡಿಸು ಅಂತ ನಾನು ಹೇಳಿದ್ನೇನಮ್ಮ? ಮಿಷನ್ ಹೇಳಿದಷ್ಟು ಕೊಡು."

ಸುಕನ್ಯ ಇಪ್ಪತ್ತೈದನ್ನು ಇಪ್ಪತ್ತರಿಂದ ಭಾಗಿಸಿದಳು. ದಿನಕ್ಕೆ ಒಂದೂಕಾಲು ಗಂಟೆ. ಲಾಂಡ್ರಿಗೆ ಹೋಗಿ ಹೇಳಿದಳು: "ನಾಳೆಯಿಂದ ಐದೂಮುಕ್ಕಾಲಾದ ಮೇಲೇ ಒತ್ತಿ ಅಕ್ಕ. ಒಂದು ದಿನಾನೂ ತಪ್ಪಿಸ್ಬೇಡಿ. ಏಳಕ್ಕೆ ಇನ್ನೊಂದು ಬಸ್ಸಿದೆ."

"ಮನೇಲಿ ಒಲೆ ಹತ್ಸೋರ್ಯಾರು?"

ಸುಕನ್ಯ ಗಡಿಯಾರ ನೋಡಿಕೊಂಡಳು. ಅವಳೂ ಹೋಗಿ ಒಲೆ ಹಚ್ಚಬೇಕಿತ್ತು.

ಮರುದಿನ ಸಂಜೆ ಪುಟ್ಟಲಕ್ಷ್ಮಿ ಸಾಲಿನ ಕೊನೆಯಲ್ಲಿ ನಿಂತಳು. ಸೆರಗಿನಲ್ಲಿ ಬೆರಳು ಒರೆಸಿ ಒರೆಸಿ ಒತ್ತಿದಳು. ನಾಲ್ಕನೇ ಸಲಕ್ಕೆ ಮಿಷನ್ನು ಒಪ್ಪಿತು. ಬಸ್ಸು ಹೋಗಿಯಾಗಿತ್ತು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಗಂಡ ಚಲುವಯ್ಯನಿಗೆ ಫೋನು ಮಾಡಿದಳು.

"ಏಳ್ರ ಬಸ್ಗೆ ಬತ್ತೀನಿ. ಮುದ್ದೆಗೆ ನೀವೇ ಎಸರಿಕ್ಕಿ."

"ಇವತ್ತೊಂದಿನಾನ?"

"ಇಪ್ಪತ್ ದಿನ."

ಆ ಕಡೆ ಪಾತ್ರೆ ತಡಕಾಡಿದ ಸದ್ದು. ಆಮೇಲೆ, "ನೀರ್ ಎಷ್ಟ್ ಉಯ್ಯದು?"

"ಮೂವತ್ ವರ್ಷ ಉಂಡಿದ್ದೀರಲ್ಲ, ಅಷ್ಟೂ ಅಂದಾಜಿಲ್ವಾ?" ಎಂದವಳು ಫೋನಿಟ್ಟು, ನೋಯುವ ಕಾಲನ್ನು ಉದ್ದಕ್ಕೆ ಚಾಚಿದಳು.