ಅತ್ತೆ ಎನ್ನಿಸಿಕೊಂಡವಳು

ದತ್ತು ಹೋಗುವವರೆಗೆ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದ ಆ ದರ್ಜಿ ಹೆಂಗಸು ಎಲ್ಲರಿಂದಲೂ ‘ಅತ್ತೆ’ ಎಂದೇ ಕರೆಸಿಕೊಳ್ಳುತ್ತಿದ್ದಳು. ಅಮ್ಮ ಎನ್ನಿಸಿಕೊಳ್ಳುವವಳು ಮುಂದೆ ಬರುತ್ತಾಳೆ ಎಂಬುದು ಅವಳ ಲೆಕ್ಕ. ಮೂರು ವರ್ಷದ ಗುಂಗುರುಕೂದಲಿನ ಹುಡುಗಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಅಮ್ಮ ಅಲ್ಲ, ಅತ್ತೆ ಅನ್ನಮ್ಮಾ.”

“ನೀನು ಮಾತ್ರ ನನ್ನನ್ನ ಅಮ್ಮಾ ಅಂತೀಯಲ್ಲ!”

ದರ್ಜಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಂದಿನಿಂದ ಹುಡುಗಿಯನ್ನು ‘ಅಮ್ಮಾ’ ಎನ್ನುವುದು ಬಿಟ್ಟು ‘ಪುಟ್ಟಿ’ ಎಂದು ಕರೆಯತೊಡಗಿದಳು.

ದತ್ತು ಪಡೆಯುವ ದಂಪತಿ ಬಂದಾಗ ಪುಟ್ಟಿ ಮೊದಲು ಹೊಲಿಗೆ ಯಂತ್ರದ ಹಿಂದೆ ಅವಿತುಕೊಂಡಳು. ಅವರು ಮತ್ತೆ ಮತ್ತೆ ಬಂದು ಹೋಗುತ್ತಿದ್ದಂತೆ ಮೆಲ್ಲಗೆ ಹೊಂದಿಕೊಂಡಳು. ಒಂದು ಮಧ್ಯಾಹ್ನ, ದತ್ತು ಪಡೆಯಲಿದ್ದ ಆ ಹೆಂಗಸಿನ ಕೈ ಹಿಡಿದೆಳೆದು, “ಅಮ್ಮಾ, ಈ ಗುಂಡಿ ನೋಡು” ಎಂದಳು. ಆಕೆಯ ಕಣ್ಣು ತುಂಬಿತು. ದರ್ಜಿ ತಲೆಯೆತ್ತಲಿಲ್ಲ, ಹಾಕುತ್ತಿದ್ದ ಹೊಲಿಗೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಿದಳು.

ಪುಟ್ಟಿ ಅವರ ಜೊತೆ ಹೋದ ವಾರದಲ್ಲೇ ದತ್ತು ಕೇಂದ್ರದ ಅಧಿಕಾರಿ ರಚ್ಚೆ ಹಿಡಿದ ಇನ್ನೊಂದು ಕೂಸನ್ನು ತಂದರು. ದರ್ಜಿ ಕೈ ಚಾಚಿದಳು.