ಪಾದ್ರಿಯ ಕಲ್ಲು ನಮ್ಮ ಹಿತ್ತಲಲ್ಲಿದೆ

ಪಾದ್ರಿಯ ಗೋರಿಕಲ್ಲನ್ನು ಕದ್ದು ತಂದವನು ನಾನು. ಅದನ್ನು ಹಿತ್ತಲಲ್ಲಿ ಮಗುಚಿ ಹಾಕಿ, ಇಷ್ಟು ವರ್ಷ ಅದರ ಮೇಲೆ ಬಟ್ಟೆ ಒಗೆಸಿದವನೂ ನಾನೇ. ಇಷ್ಟು ಬರೆಯುವುದಕ್ಕೆ ಎಷ್ಟೋ ಹಾಳೆ ಹರಿದು ಬಿಸಾಡಿದ್ದೇನೆ — ನನ್ನ ಹೇಡಿತನ ಕಂಡು ನನಗೇ ರೇಗುತ್ತದೆ.

ಆರೋಗ್ಯಕ್ಕ, ಇದು ನಿಮಗೆ. ನಿಮಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಬಾಯಲ್ಲಿ ಹೇಳಹೊರಟರೆ ಮಾತು ತೇಲಿಸಿಬಿಡುತ್ತೇನೆ. ಅದಕ್ಕೇ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮರಳವಾಡಿಯಾಚೆ, ನಮ್ಮ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಿದ್ದ ಹಳೇ ಚರ್ಚಿನ ಕಥೆ ಹೇಳಿದವರು ನೀವೇ. ಐರ್ಲೆಂಡಿನ ಪಾದ್ರಿಯೊಬ್ಬರು ಮಣ್ಣಿನ ಗೋಡೆ ಎಬ್ಬಿಸಿ, ಹುಲ್ಲು ಹೊದಿಸಿ ಕಟ್ಟಿದ್ದಂತೆ. ಬರಗಾಲದಲ್ಲಿ ಊರಿಗೆಲ್ಲ ಅಂಬಲಿ ಕಾಸಿ ಹಾಕಿದರಂತೆ. ಕಾಲರಾದಲ್ಲಿ ಅವರು ತೀರಿಕೊಂಡಾಗ ಊರವರೇ ಚರ್ಚಿನ ಪಕ್ಕ ಹೂಳಿದರು, ಆಮೇಲೆ ನಿಮ್ಮವರೆಲ್ಲ ಅವರ ಸುತ್ತಲೇ ಮಣ್ಣಾದರು. ನನ್ನ ಕಾಲಕ್ಕೆ ಮೋಟು ಗೋಡೆ, ಲಂಟಾನದ ಪೊದೆ, ಊರಲ್ಲಿ ನಿಮ್ಮದೊಂದು ಮನೆ — ಇಷ್ಟೇ ಉಳಿದಿತ್ತು. ಮಿಕ್ಕ ಗೋರಿಗಳಿಗೆ ಬರೀ ಕಾಡುಗಲ್ಲು. ಅಕ್ಷರ ಇದ್ದದ್ದು ಪಾದ್ರಿಯ ಕಲ್ಲಿಗೆ ಮಾತ್ರ. ಅದರ ಕಾಲ್ದೆಸೆಯಲ್ಲಿ ನಿಮ್ಮ ಮಗಳು ಮೇರಿ. ನಿಮ್ಮವರು ಗೋರಿಗಳಿಗೆ ಮೇಣದಬತ್ತಿ ಹಚ್ಚುವ ಕಲ್ಲರೆ ಹಬ್ಬದಂದು, ಆ ಕಲ್ಲಿನ ಗುರುತು ಹಿಡಿದೇ ನೀವು ಅವಳ ಹತ್ತಿರ ಹೋಗುತ್ತಿದ್ದಿರಿ.

ಇದೆಲ್ಲ ಗೊತ್ತಿದ್ದೂ ಆ ಕಲ್ಲನ್ನು ಕಿತ್ತು ತಂದೆ. ಒಂದು ಬೇಸಿಗೆಯಲ್ಲಿ ನೀರಿನ ತೊಟ್ಟಿ ಕಟ್ಟಿಸಿದ್ದೆ, ಪಕ್ಕಕ್ಕೊಂದು ನುಣುಪು ಚಪ್ಪಡಿ ಬೇಕಿತ್ತು. ಹಬ್ಬ ಇನ್ನೂ ದೂರ, ಅಷ್ಟರಲ್ಲಿ ಬೇರೆ ಕಲ್ಲು ತಂದು ಇದನ್ನು ವಾಪಸಿಟ್ಟರಾಯಿತು — ಎಂಥ ಬುದ್ಧಿವಂತ ನಾನು!

ಅಷ್ಟರಲ್ಲಿ ಹಾರೋಹಳ್ಳಿ ಕಡೆಯಿಂದ ಹಬ್ಬುತ್ತಿದ್ದ ಫ್ಯಾಕ್ಟರಿಗಳು ನಮ್ಮ ಎಲ್ಲೆಗೂ ಬಂದವು. ಜಾಗ ಅಳೆಯಲು ಬಂದವರಿಗೆ ನೀವು ಅಡ್ಡ ನಿಂತಿರಿ.

"ಹೆಸರಿರೋ ಒಂದು ಕಲ್ಲು ತೋರ್ಸಮ್ಮ. ಸ್ಮಶಾನ ಅಂತ ಬಿಟ್ಟು ಅಳೀತೀವಿ," ಎಂದ ಅವರಲ್ಲಿ ಹಿರಿಯ.

ಮುಳ್ಳಿನೊಳಗೆ ನುಗ್ಗಿ ಹುಡುಕಿದಿರಿ. ಕೈಯೆಲ್ಲ ಗೀರಿ ರಕ್ತ ಬಂತು. ಕೊನೆಗೆ ನನ್ನ ಕಡೆ ತಿರುಗಿದಿರಿ.

"ನೀನಾರಾ ಹೇಳಪ್ಪ ಶಿವಣ್ಣ, ಪಾದ್ರಿ ಸ್ವಾಮಿಯೋರ ಕಲ್ಲು ಇಲ್ಲೇ ಇತ್ತಲ್ವಾ?"

"ನಾನ್ಯಾವ ಕಲ್ಲೂ ಕಂಡಿಲ್ಲ ಕಣಕ್ಕ," ಎಂದೆ.

ಆಗಷ್ಟೇ ನನ್ನ ಮಗಳಿಗೆ ಕನಕಪುರದ ಸಂಬಂಧ ಗೊತ್ತಾಗಿತ್ತು. ಸ್ಮಶಾನದ ಕಲ್ಲನ್ನು ಮನೆಗೆ ತಂದುಕೊಂಡವರಿಂದ ಯಾರು ಹೆಣ್ಣು ತಂದಾರು? ಬೀಗರು ಮುರಿದುಕೊಂಡು ಹೋದರೆ — ಛೆ, ಇದನ್ನು ಕಾರಣವೆಂದು ಒಪ್ಪಬೇಡಿ. ನಿಮ್ಮ ಮಗಳೂ ಅಲ್ಲೇ ಇದ್ದಳು, ನಾನು ನಿಂತ ಜಾಗಕ್ಕೆ ಮಾರು ದೂರದಲ್ಲಿ, ಮಣ್ಣಿನಡಿ.

ಬುಲ್ಡೋಜರ್ ಬಂತು. ಈಗ ಅಲ್ಲಿ ಲಾರಿ ನಿಲ್ಲಿಸುವ ಸಿಮೆಂಟಿನ ಅಂಗಳ.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆದದ್ದು. ಟೀ ಅಂಗಡಿಯವರು ನಿಮ್ಮನ್ನು ಕಂಡರೆ, "ಏನ್ ಆರೋಗ್ಯಮ್ಮ, ಕಲ್ಲು ಸಿಕ್ತಾ?" ಎಂದು ನಗುತ್ತಿದ್ದರು. ನಾನೂ ಅಲ್ಲೇ ಕೂತು ಟೀ ಹೀರುತ್ತಿದ್ದೆ. ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದಿರಿ, ಬರಬರುತ್ತಾ ಸುಮ್ಮನಾದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ, ಮುಠ್ಠಾಳ! ಮಗಳ ಮದುವೆಯಾಗಿ, ಮೊಮ್ಮಕ್ಕಳೂ ಆಗಿದ್ದರು.

ಮೊನ್ನೆ ನಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ನೀವೇ ಅಂದಿರಿ: "ಕಲ್ಲೇ ಇರ್ನಿಲ್ವೇನೋ ಕಣಪ್ಪ. ನಂಗೇ ಏನೋ ಭ್ರಮೆ. ಮಗೀನ ಎಲ್ಲಿ ಮಣ್ಣು ಮಾಡಿದ್ವೋ, ಅದೂ ನೆಟ್ಗೆ ಗ್ಯಾನಿಲ್ಲ."

ಹಿತ್ತಲಲ್ಲಿ ಸೊಸೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ನಾನು ನಿಮಗೆ ಸುಣ್ಣದ ಡಬ್ಬಿ ಮುಂದೆ ಸರಿಸಿದೆ. ಅಷ್ಟೇ ಆಯಿತು ನನ್ನ ಕೈಲಿ.

ಕಲ್ಲಿತ್ತು ಅಕ್ಕ. ನೀವು ಹುಡುಕಿದ ಕಡೆಯೇ ಇತ್ತು. ಮೇರಿಯೂ ನೀವು ಹೇಳುತ್ತಿದ್ದಲ್ಲೇ ಇದ್ದಾಳೆ, ಆ ಸಿಮೆಂಟಿನ ಅಡಿ. ನಿಮ್ಮ ಜ್ಞಾಪಕದಲ್ಲಿ ಒಂದು ಚೂರೂ ತಪ್ಪಿಲ್ಲ — ಸುಳ್ಳು ಹೇಳಿದವನು ನಾನು. ನಾಳೆ ಬೆಳಿಗ್ಗೆ ಟೀ ಅಂಗಡಿಯ ಮುಂದೆ, ನಕ್ಕವರೆಲ್ಲ ಕೂತಿರುವಾಗ, ನಿಮ್ಮನ್ನು ಕರೆದು ಇದನ್ನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನೀವು ನಮ್ಮ ಜಗಲಿ ಹತ್ತದಿದ್ದರೆ, ಬನ್ನಿ ಎಂದು ನಾನು ಕರೆಯುವುದಿಲ್ಲ.