ಮೇಸ್ತ್ರಿ ಹತ್ರ ಜೋಪಾನವಾಗಿದೆ

ಕಸ ವಿಂಗಡಿಸುವ ಶೆಡ್ಡಿನಲ್ಲಿ ಆಕೆಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹೆಂಗಸರು ಬಟ್ಟೆ ಬದಲಿಸುವ ಕೋಣೆ ಆಕೆಯ ವಶ. ಬೆಳಿಗ್ಗೆ ಕೋಟು, ಬೂಟು, ಗ್ಲೌಸು ಕೊಡುವುದು, ಸಂಜೆ ತೊಳೆದು ಹಗ್ಗಕ್ಕೆ ಹಾಕುವುದು. ಗಂಡ ಇದೇ ಕಂಪನಿಯ ಕಸದ ಲಾರಿ ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಈ ಕೆಲಸ ಸಿಕ್ಕಿ ಹನ್ನೊಂದು ವರ್ಷವಾಗಿತ್ತು. ಓದು ಅಷ್ಟಕ್ಕಷ್ಟೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಲೋಟದ ಟೀ ಆರಿಹೋಗುತ್ತಿತ್ತು. ಆದರೆ ಯಾರ ಪಾದ ಎಷ್ಟುದ್ದ, ಯಾರ ಗ್ಲೌಸಿನ ಯಾವ ಬೆರಳು ಮೊದಲು ಹರಿಯುತ್ತದೆ ಎನ್ನುವುದು ಬಾಯಿಪಾಠ.

ಎಡಚಿಯದು ಎಡಗೈ ಹೆಬ್ಬೆರಳು. ಚಲಿಸುವ ಬೆಲ್ಟಿನ ಮೇಲೆ ಬರುವ ಕಸದ ಚೀಲಗಳನ್ನು ಅವಳು ಎಡಗೈಯಿಂದಲೇ ಸೀಳುತ್ತಿದ್ದಳು. ಹಾಗಾಗಿ ಜೋಡಿ ತಪ್ಪಿದ ಎಡಗೈ ಗ್ಲೌಸುಗಳನ್ನೆಲ್ಲ ದೊಡ್ಡಮ್ಮ ಅವಳಿಗೆಂದೇ ಎತ್ತಿಡುತ್ತಿದ್ದಳು. ಎಡಚಿ ಕಂಪನಿಯ ಆಳಲ್ಲ, ಗುತ್ತಿಗೆದಾರ ಕಳಿಸಿದ ಏಳು ಹೆಂಗಸರಲ್ಲಿ ಒಬ್ಬಳು. ಏಳೂ ಜನ ದೂರದ ಊರಿನವರು. ಒಂದೇ ವ್ಯಾನಿನಲ್ಲಿ ಬಂದು ಅದರಲ್ಲೇ ವಾಪಸಾಗುತ್ತಿದ್ದರು. ಮುಂದಿನ ಸೀಟಿನಲ್ಲಿ ಗುತ್ತಿಗೆದಾರನ ಮೇಸ್ತ್ರಿ ಕೂತಿರುತ್ತಿದ್ದ.

ಒಂದು ಸೋಮವಾರ ಎಡಚಿ ಬೂಟಿಗೆ ಕಾಲು ಹಾಕದೆ ಬೆಂಚಿನ ಮೇಲೆ ಸುಮ್ಮನೆ ಕೂತಳು.

"ಏನೇ, ಬೂಟು ಕಚ್ಚುತ್ತಾ?"

"ಅಮ್ಮನಿಗೆ ಆಪರೇಷನ್ನಂತೆ ದೊಡ್ಡಮ್ಮ, ಶುಕ್ರವಾರ. ತಂಗಿ ಹೇಳಿ ಕಳಿಸಿದ್ಲು. ನಾನು ಹೋಗ್ಲೇಬೇಕು."

"ಹೋಗು ಮತ್ತೆ. ರಜೆ ಕೇಳು."

"ಕೇಳ್ದೆ. ಇನ್ನೆರಡು ತಿಂಗಳು ಕಳೀಲಿ ಅಂತಾರೆ ಮೇಸ್ತ್ರಿ. ಹಂಗೇ ಹೊರಟುಬಿಡೋಣ ಅಂದ್ರೆ ಗುರುತಿನ ಚೀಟಿ ಇಲ್ದೆ ದೂರದ ರೈಲಿನ ರಿಸರ್ವೇಶನ್ ಟಿಕೆಟ್ ನಡೆಯಲ್ಲ."

"ನಿನ್ನ ಚೀಟಿ ಏನಾಯ್ತು?"

"ಮೇಸ್ತ್ರಿ ಹತ್ರ ಜೋಪಾನವಾಗಿದೆ."

ಎಷ್ಟು ಸಹಜವಾಗಿ ಹೇಳಿದಳೆಂದರೆ ದೊಡ್ಡಮ್ಮನಿಗೂ ಆಗ ಏನೂ ಅನ್ನಿಸಲಿಲ್ಲ. ಸಂಜೆ ಗ್ಲೌಸು ಹಿಂಡುವಾಗ ಅನ್ನಿಸಿತು. ಜೋಪಾನವಾಗಿ ಇಟ್ಟದ್ದು ಬೇಕೆಂದಾಗ ಕೈಗೆ ಬರಬೇಕಲ್ಲ?

ಬುಧವಾರ ದೊಡ್ಡ ಆಫೀಸಿನಿಂದ ಒಬ್ಬರು ಮೇಡಂ ಬಂದರು. ಗುತ್ತಿಗೆಯವರನ್ನು ಯಾರಾದರೂ ಬಲವಂತದಿಂದ ದುಡಿಸುತ್ತಿದ್ದಾರೆಯೇ ಎಂದು ವರ್ಷಕ್ಕೊಮ್ಮೆ ವಿಚಾರಿಸಿ ಹೋಗುವುದು ಕಂಪನಿಯ ಪದ್ಧತಿ. ಗಂಡಸರು ಒಳಗೆ ಬರುವಂತಿಲ್ಲವೆಂದು ದೊಡ್ಡಮ್ಮನ ಕೋಣೆಯಲ್ಲೇ ವಿಚಾರಣೆ. ಮೇಸ್ತ್ರಿ ಬಾಗಿಲಾಚೆ ನಿಂತು ಆಗಾಗ ಕೆಮ್ಮುತ್ತಿದ್ದ. ನಾನಿಲ್ಲೇ ಇದ್ದೇನೆ ಎನ್ನುವ ಕೆಮ್ಮು.

"ನಿಮ್ಮ ಗುರುತಿನ ಚೀಟಿಯನ್ನು ಯಾರಾದರೂ ಕಿತ್ತುಕೊಂಡಿದ್ದಾರಾ?" ಮೇಡಂ ಹಾಳೆ ನೋಡಿ ಓದಿದರು.

"ಇಲ್ಲ," ಎಂದಳು ಮೊದಲನೆಯವಳು. ಎರಡನೆಯವಳೂ ಇಲ್ಲ ಎಂದಳು. ಎಡಚಿಯೂ ಸೇರಿ ಉಳಿದವರೂ ಇಲ್ಲ ಎಂದರು.

ಕೋಟು ಮಡಿಸುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ಅವರು ಹೇಳಿದ್ದು ಸುಳ್ಳಲ್ಲ. ಯಾರೂ ಕಿತ್ತುಕೊಂಡಿರಲಿಲ್ಲ. ಬಂದ ದಿನ ಮೇಸ್ತ್ರಿ ಕೈ ಚಾಚಿದ್ದ, ಇವರೇ ಕೊಟ್ಟಿದ್ದರು.

ಮೇಡಂ ಏಳು ಹೆಸರುಗಳ ಮುಂದೆ ಗೆರೆ ಎಳೆದು ಫೈಲು ಮುಚ್ಚಿದರು. ಬಾಯಿ ಬಿಟ್ಟರೆ ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಎಂದು ದೊಡ್ಡಮ್ಮನಿಗೆ ಅನ್ನಿಸಿತು. ಆದರೂ ಬಾಯಿ ಬಿಟ್ಟಳು.

"ಮೇಡಂ, ನಿಮ್ಮ ಪ್ರಶ್ನೆ ಸ್ವಲ್ಪ ಓರೆಯಾಗಿದೆ."

"ವಕೀಲರು ಬರೆದಿದ್ದು ದೊಡ್ಡಮ್ಮ," ಎಂದು ಮೇಡಂ ನಕ್ಕರು.

"ಅದಕ್ಕೇ ಇರಬೇಕು. ಕಿತ್ಕೊಂಡ್ರಾ ಅಂತ ಕೇಳ್ಬೇಡಿ. ಈಗ ಎಲ್ಲಿದೆ ಅಂತ ಕೇಳಿ."

ಹೊರಗೆ ಕೆಮ್ಮು ಜೋರಾಯಿತು. "ಶೀತ ಜಾಸ್ತಿಯಾಗಿದೆ ಮೇಸ್ತ್ರಿ, ಗಾಳಿಗೆ ನಿಲ್ಬೇಡಿ," ಎಂದು ದೊಡ್ಡಮ್ಮ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು.

ಮೇಡಂ ಮತ್ತೆ ಫೈಲು ತೆರೆದರು. "ಈಗ ಎಲ್ಲಿದೆ?"

"ಮೇಸ್ತ್ರಿ ಹತ್ರ ಜೋಪಾನವಾಗಿದೆ."

"ನಂದೂ."

"ನಂದೂ ಅಲ್ಲೇ."

ನಾಲ್ಕನೆಯವಳ ಹೊತ್ತಿಗೆ ಮೇಡಂ ಬರೆಯುವುದನ್ನು ನಿಲ್ಲಿಸಿ ಬರೀ ಮುಖ ನೋಡತೊಡಗಿದರು. ಎಡಚಿ ಅಮ್ಮನ ಆಪರೇಷನ್ನಿನ ವಿಷಯವನ್ನೂ ಹೇಳಿದಳು.

ಮೇಸ್ತ್ರಿಯನ್ನು ಬಾಗಿಲಿಗೆ ಕರೆದಾಗ ಅವನಿಗೆ ಕೆಮ್ಮೇ ಇರಲಿಲ್ಲ. "ಓದು ಬರಹ ಇಲ್ಲದ ಜನ ಮೇಡಂ, ಕಳ್ಕೊಂಡುಬಿಡ್ತಾರೆ. ತಂದೆ ಥರ ನೋಡ್ಕೋತಿದೀನಿ. ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ, ಅದಕ್ಕೇನಂತೆ."

"ಸರಿ, ನಾಳೆ..." ಎಂದು ಮೇಡಂ ಶುರುಮಾಡಿದ್ದರು.

"ನಾಳೆ ಆ ವ್ಯಾನಲ್ಲಿ ಬೇರೆ ಏಳು ಜನ ಇರ್ತಾರೆ," ಎಂದಳು ದೊಡ್ಡಮ್ಮ. "ಹೋದ ಸಲ ವಿಚಾರಣೆಗೆ ಬಂದಾಗ ಒಬ್ಳು ಅತ್ತಿದ್ಲು. ಮಾರನೇ ದಿನ ಏಳು ಜೊತೆ ಬೂಟಿನ ಅಳತೆಯೂ ಬದಲಾಯ್ತು. ಆಗ ನಾನು ಸುಮ್ಮನಿದ್ದುಬಿಟ್ಟೆ."

"ಈ ಮುದುಕಿಗೆ ಬೂಟು ಎಣಿಸಿ ಎಣಿಸಿ ತಲೆ ಕೆಟ್ಟಿದೆ!"

"ತಲೆ ಕೆಟ್ಟಿರಬಹುದಪ್ಪ, ಎಣಿಕೆ ಕೆಟ್ಟಿಲ್ಲ."

ಮೇಡಂ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಕಂಪನಿಯ ಕಾವಲುಗಾರರಿಬ್ಬರನ್ನು ಕರೆದು, ಮೇಸ್ತ್ರಿಯನ್ನೂ ಎಡಚಿಯನ್ನೂ ಜೀಪಿಗೆ ಹತ್ತಿಸಿಕೊಂಡು ಗುತ್ತಿಗೆಯವರು ಇರುವ ವಸತಿಗೆ ಹೊರಟೇಬಿಟ್ಟರು. ಉಳಿದ ಆರು ಜನ ಕೋಣೆಯಲ್ಲೇ ಕೂತರು. ದೊಡ್ಡಮ್ಮ ಒಗೆದ ಗ್ಲೌಸುಗಳನ್ನೇ ಇನ್ನೊಂದು ಸಲ ಒಗೆದಳು.

ಎರಡು ಗಂಟೆ ಕಳೆದು ಜೀಪು ಬಂತು; ಮೇಸ್ತ್ರಿ ಕಾವಲುಗಾರರ ನಡುವೆ ಅದರಲ್ಲೇ ಕೂತಿದ್ದ. ಮೇಡಂ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು. ಏಳು ಸಿಗಬೇಕಿತ್ತು, ಹನ್ನೆರಡು ಸಿಕ್ಕಿದ್ದವು. ಉಳಿದ ಐದನ್ನು ಅವರು ದೊಡ್ಡಮ್ಮನ ಮುಂದೆ ಹರಡಿದರು. ಮೂರನೆಯದರ ಫೋಟೋದ ಮೇಲೆ ದೊಡ್ಡಮ್ಮ ಬೆರಳಿಟ್ಟಳು.

"ಹೋದ ಸಲ ಅತ್ತೋಳು ಇವಳೇ."

"ಹುಡುಕಿಸ್ತೀನಿ," ಎಂದರು ಮೇಡಂ. "ಪೊಲೀಸರಿಗೆ ಇವತ್ತೇ ದೂರು ಕೊಡ್ತೀನಿ. ನೀವು ಸಾಕ್ಷಿ ಹೇಳ್ತೀರಾ?"

"ಹೇಳ್ತೀನಿ. ನಿಧಾನಕ್ಕೆ ಬರ್ಕೊಳ್ಳೋಕೆ ಹೇಳಿ, ನನಗೆ ಎಲ್ಲ ಜ್ಞಾಪಕ ಇದೆ."

ಎಡಚಿ ತನ್ನ ಚೀಟಿಯನ್ನು ಜೇಬಿಗೆ ಹಾಕಿದಳು. ತೆಗೆದು ಕಾಲುಚೀಲದೊಳಗೆ ತೂರಿಸಿದಳು. ಅದೂ ಸರಿಬರದೆ ಮತ್ತೆ ಕೈಗೆ ತಗೊಂಡಳು.

"ಎಲ್ಲಿಡ್ಲಿ ದೊಡ್ಡಮ್ಮ?"

"ಎಲ್ಲಾದ್ರೂ ಇಡೇ, ನಿಂದು ತಾನೇ."

"ವಾಪಸ್ ಬಂದ್ರೆ ಕೆಲಸ ಇರುತ್ತಾ ಮೇಡಂ?"

"ಮಾತು ಕೊಡೋಕೆ ನನಗೆ ಅಧಿಕಾರ ಇಲ್ಲ. ಕಂಪನಿಯೇ ನೇರವಾಗಿ ತಗೊಳ್ಳಲಿ ಅಂತ ಕೇಳ್ತೀನಿ."

ಎಡಚಿ ಬೆಂಚಿಗೆ ಬಂದು ಕೂತಳು. "ಮೊದ್ಲು ಅಮ್ಮನ್ನ ನೋಡ್ತೀನಿ," ಎಂದಳು. ಬೂಟು ಬಿಚ್ಚಿ ಚಪ್ಪಲಿ ಮೆಟ್ಟಿದಳು. ನಾಲ್ಕು ಗಂಟೆಯ ರೈಲಿತ್ತು. ಸ್ಟೇಷನ್ನಿಗೆ ಬಿಡುತ್ತೇವೆ ಎಂದರೂ ಕೇಳದೆ, ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಗೇಟು ದಾಟಿ ರಸ್ತೆಯಲ್ಲಿ ನಡೆದೇ ಹೋದಳು.